ಇಪ್ಪತ್ತೊಂದನೇ ತಾರೀಖಿನ ಮೊಗ್ಗು

ಮಾತು ಕಡಿಮೆ ಇರುವವರಿಗೆ ದೇವರು ಕಿವಿ ದೊಡ್ಡದಾಗಿ ಕೊಟ್ಟಿರುತ್ತಾನೆ ಎಂದು ಗಂಗೂಬಾಯಿ ತಮ್ಮ ಮೊಮ್ಮಗಳು ಮೈತ್ರೇಯಿಯನ್ನು ತೋರಿಸಿ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಕಿವಿ ಒಂದು ದಿನ ತಮ್ಮ ಬುಡಕ್ಕೇ ಬಂದೀತು ಎಂಬ ಅಂದಾಜು ಅವರಿಗಿರಲಿಲ್ಲ.

ಮೈತ್ರೇಯಿ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಐದು ತಿಂಗಳಾಗಿತ್ತು. ಮನೆಯ ಗೇಟಿನ ಚಿಲಕ ಸದ್ದಾದರೆ ಸಾಕು, ಬಂದವರು ಯಾರೆಂದು ನೋಡುವುದಕ್ಕೂ ನಿಲ್ಲದೆ ಹಿಂಬಾಗಿಲಿನಿಂದ ಕೈತೋಟಕ್ಕೆ ಇಳಿದುಬಿಡುತ್ತಿದ್ದಳು. ಅಲ್ಲಿ ಕರಿಬೇವಿನ ಗಿಡದ ಮಗ್ಗುಲಲ್ಲಿ ಒಂದು ಒಡಕು ಬಕೆಟ್ ಬೋರಲು ಬಿದ್ದಿತ್ತು. ಅದು ಅವಳ ಸಿಂಹಾಸನ. ತೊಡೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು, ಕಂಡದ್ದನ್ನೂ ಕೇಳಿದ್ದನ್ನೂ ಗಂಟೆ ನಿಮಿಷದ ಸಮೇತ ಬರೆಯುವುದು ಅವಳ ಚಟ. ಬರೆಯುತ್ತಿದ್ದದ್ದು ಕನ್ನಡದಲ್ಲಿ. ಅಜ್ಜಿ ಹಠ ಹಿಡಿದು ಕಲಿಸಿದ ಅಕ್ಷರ ಅದು. ನಾಗಪುರದ ಮನೀಶ್ ನಗರದಲ್ಲಿ, ಮರಾಠಿ ಹಿಂದಿಯ ನಡುವೆ, ಕನ್ನಡದಲ್ಲಿ ಬರೆದದ್ದು ಬೀಗ ಹಾಕಿ ಇಟ್ಟಷ್ಟೇ ಭದ್ರ.

'ಬೆಳಿಗ್ಗೆ ಐದೂ ಐವತ್ತು. ರೈಲ್ವೆ ಗೇಟಿನ ಹತ್ತಿರ ಇಂಜಿನ್ನಿನ ಉದ್ದ ಸೀಟಿ. ಡ್ರೈವರನಿಗೆ ಸಿಟ್ಟು ಬಂದಂತಿದೆ.

ಆರು. ಟಿ.ವಿ. ಆಂಟೆನಾದ ಮೇಲೆ ಮಡಿವಾಳ ಹಕ್ಕಿ. ಇವತ್ತು ಹೊಸ ರಾಗ.

ಆರೂಕಾಲು. ಸಾತ್‌ಭಾಯಿ ಹಕ್ಕಿಗಳು ತರಗೆಲೆ ಕೆದರಿ ಜಗಳ. ಹೆಸರಿಗೆ ಏಳು ಅಣ್ಣತಮ್ಮಂದಿರು, ಎಣಿಸಿದರೆ ಒಂಬತ್ತು. ನೆಂಟರು ಬಂದಿರಬೇಕು.

ಏಳೂ ಹತ್ತು. ಸೊನೆಗಾಂವ್ ಕಡೆಯಿಂದ ವಿಮಾನ. ಬಾಳೆ ಎಲೆ ನಡುಗಿತು.'

ಪುಟಗಟ್ಟಲೆ ಇಂಥವೇ. ಆದರೆ ಅಕ್ಟೋಬರ್ ಹದಿನಾರರ ಸಂಜೆ ಒಂದು ಸಾಲು ಹೀಗೆ ಬಿದ್ದಿತ್ತು: 'ಐದೂ ಇಪ್ಪತ್ತೈದು. ಬೇಲಿಯ ಹತ್ತಿರ ಬಳೆ ಸದ್ದು, ಎರಡು ಸಲ. ಟಪ್. ಅಜ್ಜಿ.'

ಬೇಲಿಯ ಆಚೆ ಇದ್ದದ್ದು ಉತ್ತಪ್ಪನವರ ತೋಟ. ಕೊಡಗಿನವರು, ವಾಯುಸೇನೆಯಲ್ಲಿ ಮೂವತ್ತು ವರ್ಷ ದುಡಿದು ವಾರಂಟ್ ಆಫೀಸರ್ ಆಗಿ ನಿವೃತ್ತರಾಗಿ, ಹೆಂಡತಿ ದೇಚಮ್ಮನವರೊಂದಿಗೆ ಇಲ್ಲಿಯೇ ಮನೆ ಕಟ್ಟಿದವರು. ಓಣಿಯಲ್ಲಿ ಗಂಗೂಬಾಯಿಯವರಿಗೆ ಬಾಯಿತುಂಬ ಕನ್ನಡ ಆಡಲು ಸಿಗುತ್ತಿದ್ದ ಮನೆ ಅದೊಂದೇ. ಉತ್ತಪ್ಪನವರ ಜೀವವೆಲ್ಲ ಒಂದು ದಾಸವಾಳದ ಗಿಡದ ಮೇಲೆ. ಬೆಂಗಳೂರಿನ ನರ್ಸರಿಯಿಂದ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಹೂವು ಊಟದ ತಾಟಿನಷ್ಟು ಅಗಲ, ಬಣ್ಣ ಹಣ್ಣಾದ ಮಾವಿನದು, ನಡುವೆ ಕಡುಗೆಂಪು. ಅದಕ್ಕವರು ಮೇಮ್‌ಸಾಬ್ ಎಂದು ಹೆಸರಿಟ್ಟಿದ್ದರು. ಬರುವ ಭಾನುವಾರ, ಇಪ್ಪತ್ತೊಂದನೇ ತಾರೀಖು, ಕಾಲೊನಿಯ ಕೈತೋಟದ ಸ್ಪರ್ಧೆ. ಮೂರು ವರ್ಷದಿಂದ ಮೊದಲ ಬಹುಮಾನ ಓಣಿಯ ತುದಿಯ ಉಮಾಪತಿಯವರ ಪಾಲಾಗುತ್ತಿತ್ತು. ಈ ಸಲ ಬಿಡುವುದಿಲ್ಲ ಎಂದು ಉತ್ತಪ್ಪನವರು ಪಣ ತೊಟ್ಟಿದ್ದರು.

ದಾಸವಾಳದ ಹೂವು ಒಂದೇ ದಿನದ್ದು. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುಗಿಯಿತು. ಹಾಗಾಗಿ ಯಾವ ಮೊಗ್ಗು ಯಾವ ದಿನ ಅರಳುತ್ತದೆ ಎಂದು ಉತ್ತಪ್ಪನವರು ಲೆಕ್ಕ ಹಾಕಿ, ಪ್ರತಿ ಮೊಗ್ಗಿನ ತೊಟ್ಟಿಗೂ ರಟ್ಟಿನ ಚೀಟಿ ಕಟ್ಟಿ, ನೀಲಿ ಶಾಯಿಯಲ್ಲಿ ದಪ್ಪಗೆ ತಾರೀಖು ಬರೆದಿದ್ದರು. ೧೭, ೧೮, ೧೯, ಆಮೇಲೆ ೨೧. ಇನ್ನೂ ಎಳೆಯದೊಂದಕ್ಕೆ ೨೩.

ಈ ಏರ್ಪಾಟು ಹೆಚ್ಚು ಉಪಯೋಗಕ್ಕೆ ಬಂದದ್ದು ಗಂಗೂಬಾಯಿಯವರಿಗೆ. ನವರಾತ್ರಿ ಶುರುವಾಗಿತ್ತು, ದೇವಿಗೆ ದಿನಕ್ಕೊಂದು ದೊಡ್ಡ ಹೂವು ಬೇಕು. ಕಣ್ಣಿಗೆ ಪೊರೆ ಬಂದು ಅವರಿಗೆ ಎಲ್ಲ ಮೊಗ್ಗೂ ಒಂದೇ ಥರ ಕಾಣುತ್ತಿದ್ದವು. ನೀಲಿ ಅಂಕಿ ಮಾತ್ರ ದೂರದಿಂದಲೇ ಸ್ಪಷ್ಟ. ಸೂರ್ಯ ಮುಳುಗಿದ ಮೇಲೆ ಗಿಡ ಮುಟ್ಟಬಾರದು ಎಂಬ ಶಾಸ್ತ್ರವನ್ನು ಅವರು ಎಂದೂ ಮೀರಿದವರಲ್ಲ. ಆದ್ದರಿಂದ ಐದೂವರೆಯೊಳಗೇ ಮೆಹಂದಿ ಬೇಲಿಯ ಸಂದಿಯಲ್ಲಿ ಕೈ ಹಾಕಿ, ಮರುದಿನದ ತಾರೀಖು ನೋಡಿ, ಚೀಟಿ ಅಲ್ಲೇ ಬಿಟ್ಟು ಮೊಗ್ಗಷ್ಟನ್ನು ಮುರಿದುಕೊಂಡು ಬರುತ್ತಿದ್ದರು.

ಶುಕ್ರವಾರ ಸಂಜೆ ಗೇಟಿನ ಚಿಲಕ ಸದ್ದಾಯಿತು. ಮೈತ್ರೇಯಿ ಎಂದಿನಂತೆ ತೋಟಕ್ಕೆ ಓಡಿದಳು. ಅಪ್ಪ ಸಾವನೇರಿನ ಬ್ಯಾಂಕಿನಿಂದ, ಅಮ್ಮ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಬಂದವರು ಉತ್ತಪ್ಪ. ವರಾಂಡದ ಮಾತು ಬಕೆಟ್ಟಿನವರೆಗೆ ಚೆನ್ನಾಗಿ ಕೇಳುತ್ತಿತ್ತು.

"ಅಮ್ಮ, ನಿಮ್ಮ ಮೇಲೆ ನನಗೆ ತುಂಬಾ ಗೌರವ. ಆದ್ರೆ ವಿಷಯ ಸೀರಿಯಸ್. ಮೂರು ದಿನ, ಮೂರು ಮೊಗ್ಗು. ಗಾಯಬ್."

"ಅಯ್ಯ ರಾಮಾ! ಇಲಿ ತಿಂದಿದ್ದಾವು ತೊಗೋರಿ."

"ಇಲಿ ಚೀಟಿ ಬಿಟ್ಟು ಮೊಗ್ಗು ಮಾತ್ರ ತಿನ್ನಲ್ಲ ಅಮ್ಮ. ಎರಡು ದಿನ ಚೀಟಿ ಬಿಟ್ಟು ಹೋಗಿದ್ದಾರೆ. ಮೂರನೇ ದಿನ ಚೀಟಿನೂ ಇಲ್ಲ! ಧೈರ್ಯ ನೋಡಿ. ಕಳ್ಳನಿಗೆ ರುಚಿ ಹತ್ತಿದೆ."

"ಕಾಲ ಕೆಟ್ಟದ ನೋಡ್ರಿ," ಎಂದರು ಗಂಗೂಬಾಯಿ. ದನಿಯಲ್ಲಿ ಒಂದು ಎಳೆಯೂ ಅಲುಗಲಿಲ್ಲ.

"ತಪ್ಪು ತಿಳೀಬೇಡಿ. ನಿಮ್ಮ ಮೊಮ್ಮಗಳು ದಿನಾ ಬೇಲಿ ಪಕ್ಕ ಕೂತು ಏನೋ ಬರೀತಾಳೆ. ಗಡಿಯಾರ ನೋಡಿ ನೋಡಿ ಬರೀತಾಳೆ. ನಮ್ಮ ಕಡೆ ಇದಕ್ಕೆ ರೆಕಿ ಅಂತಾರೆ. ದಾಳಿಗೆ ಮುಂಚೆ ಶತ್ರುವಿನ ಜಾಗ ನೋಡಿಕೊಳ್ಳೋದು. ಉಮಾಪತಿ ಅವಳ ಕೈಲಿ ಮಾಡಿಸ್ತಿದ್ದಾನೆ ಅಂತ ನನಗೆ ಡೌಟು."

"ನಮ್ಮ ಮೈತ್ರೀನ? ಅಕಿಗೆ ಬಾಯೇ ಇಲ್ಲಲ್ರೀ!"

"ಅದೇ ಅಮ್ಮ. ಗೂಢಚಾರರು ಮಾತಾಡಲ್ಲ. ಬರೀತಾರೆ."

ಕರಿಬೇವಿನ ಮರೆಯಲ್ಲಿ ಮೈತ್ರೇಯಿಯ ಕೈಯ ಪೆನ್ನು ನಿಂತೇ ಹೋಯಿತು.

"ಭಾನುವಾರ ಒಂಬತ್ತಕ್ಕೆ ಜಡ್ಜ್ ಬರ್ತಾರೆ. ಸ್ಪರ್ಧೆಗೆ ಇಪ್ಪತ್ತೊಂದರ ಮೊಗ್ಗು ಒಂದೇ ಉಳಿದಿರೋದು. ಅಷ್ಟರೊಳಗೆ ಅವಳು ಆ ನೋಟ್‌ಬುಕ್ ನನಗೆ ತೋರಿಸಿಬಿಡಲಿ. ಏನೂ ಇಲ್ಲದಿದ್ರೆ ಸಾರಿ ಹೇಳ್ತೀನಿ. ತೋರಿಸದಿದ್ರೆ, ಇಡೀ ಕಾಲೊನಿ ಮುಂದೆ ಅವಳ ಹೆಸರು ಹಾಕಿ ಸೊಸೈಟಿಗೆ ದೂರು ಕೊಡ್ತೀನಿ."

ಉತ್ತಪ್ಪನವರಿಗೆ ಕನ್ನಡ ಓದಲು ಬರುತ್ತಿತ್ತು. ಬೀಗ ಹಾಕಿದ ಪೆಟ್ಟಿಗೆಯ ಇನ್ನೊಂದು ಕೀಲಿ ಪಕ್ಕದ ಮನೆಯಲ್ಲೇ ಇತ್ತು ಎಂಬುದು ಮೈತ್ರೇಯಿಗೆ ಹೊಳೆದದ್ದು ಆಗ. ಪುಸ್ತಕ ಕೊಟ್ಟರೆ ಅಜ್ಜಿ ಹೂವಿನ ಕಳ್ಳಿ. ಕೊಡದಿದ್ದರೆ ತಾನು. ಪುಟ ಹರಿದು ಕೊಟ್ಟರೆ ಇಬ್ಬರೂ. ಓಣಿಯ ಹೆಂಗಸರು ಮಗುವಿಗೆ ಹೆಸರಿಡಲು, ಸೊಸೆಯೊಂದಿಗೆ ರಾಜಿಯಾಗಲು, ಉಪ್ಪಿನಕಾಯಿಗೆ ಉಪ್ಪು ಎಷ್ಟೆಂದು ಕೇಳಲು ಬರುತ್ತಿದ್ದದ್ದು ಈ ಅಜ್ಜಿಯ ಹತ್ತಿರ. ಮೊನ್ನೆಯಷ್ಟೇ ಎದುರು ಮನೆಯ ಸೊಸೆಗೆ ಪ್ರಾಮಾಣಿಕತೆಯ ಬಗ್ಗೆ ಅರ್ಧ ಗಂಟೆ ಹೇಳಿದ್ದರು.

ಶನಿವಾರ ಬೆಳಿಗ್ಗೆ ಬತ್ತಿ ಹೊಸೆಯುತ್ತ ಕೂತ ಅಜ್ಜಿಯ ಎದುರು ಮೈತ್ರೇಯಿ ಕೂತಳು.

"ಅಜ್ಜಿ, ಮೊಗ್ಗು ನೀವ ತೊಗೊಂಡೀರಿ."

"ಯಾವ ಮೊಗ್ಗ?"

"ನಿಮ್ಮ ಬಳಿ ಸದ್ದು ನನಗ ಗೊತ್ತದ."

ಗಂಗೂಬಾಯಿ ಬಳೆಗಳನ್ನು ಒಮ್ಮೆ ಸಿಟ್ಟಿನಿಂದ ನೋಡಿ ಮೊಳಕೈಗೆ ಏರಿಸಿದರು. "ನೋಡ ಕೂಸ, ದೇವರ ಸಲುವಾಗಿ ತೊಗೊಂಡ ಹೂವಿಗೆ ಕಳವು ಅನ್ನೂದಿಲ್ಲ. ನಮ್ಮ ಧಾರವಾಡದಾಗ ಇಡೀ ಓಣಿ ಹಿಂಗ ಮಾಡ್ತಿತ್ತು. ನಮ್ಮ ಗಿಡದ್ದು ಅವರು, ಅವರ ಗಿಡದ್ದು ನಾವು. ಯಾರೂ ಕೇಳ್ತಿದ್ದಿಲ್ಲ, ಯಾರೂ ಹೇಳ್ತಿದ್ದಿಲ್ಲ. ಎಲ್ಲಾರ ದೇವರೂ ಖುಷಿ ಇದ್ವು."

"ಕೇಳಿ ತೊಗೊಬೇಕಿಲ್ಲೋ?"

"ಕೇಳಿ ತೊಗೊಂಡ್ರ ಅರ್ಧಾ ಪುಣ್ಯ ಕೊಟ್ಟವರಿಗೆ ಹೋಗ್ತದ. ಈ ವಯಸ್ಸಿನಾಗ ನನಗ ಅರ್ಧಾ ಸಾಲೂದಿಲ್ಲ."

"ಮೂರು ತೊಗೊಂಡೀರಿ ಅಜ್ಜಿ!"

"ಎರಡ! ದೇವಿ ಆಣಿ, ಎರಡ. ಮೂರನೇದ್ದು ನಾ ಮುಟ್ಟಿಲ್ಲ. ಆ ಮಿಲಿಟರಿಯವಗ ಎಣಿಸಲಿಕ್ಕೆ ಬರೂದಿಲ್ಲ." ಆಮೇಲೆ ಬತ್ತಿಯನ್ನು ತುಪ್ಪದಲ್ಲಿ ಅದ್ದುತ್ತ, ಬೇರೆ ಯಾರಿಗೋ ಹೇಳುವಂತೆ ಹೇಳಿದರು, "ನಾಳೆ ಲಲಿತಾ ಪಂಚಮಿ. ಇಪ್ಪತ್ತೊಂದರದು ಒಂದು ಬೇಕ ಬೇಕು ನೋಡು."

"ಅದು ಸ್ಪರ್ಧಾಕ್ಕ ಇಟ್ಟದ್ದು!"

ಗಂಗೂಬಾಯಿಯವರ ಕಿವಿ ತಮಗೆ ಬೇಕಾದಾಗ ಕೆಪ್ಪಾಗುತ್ತಿತ್ತು. ಈಗ ಆಯಿತು.

ಅಜ್ಜಿಯೊಡನೆ ವಾದ ಮಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮೈತ್ರೇಯಿ ಬಕೆಟ್ಟಿನ ಮೇಲೆ ಕೂತು ಯೋಚಿಸಿದಳು. ಯೋಚಿಸಿದಂತೆ ಅವಳ ಮುಖದಲ್ಲಿ, ಯಾರೂ ನೋಡುವವರಿಲ್ಲದಾಗ ಮಾತ್ರ ಮೂಡುವ ಒಂದು ತುಂಟ ನಗೆ ಮೂಡಿತು. ಅಜ್ಜಿ ನೋಡುವುದು ಮೊಗ್ಗನ್ನಲ್ಲ, ಅಂಕಿಯನ್ನು. ಇಪ್ಪತ್ತೊಂದರ ಚೀಟಿಯನ್ನು ಬಿಚ್ಚಿ ಇಪ್ಪತ್ತಮೂರರ ಎಳೆ ಮೊಗ್ಗಿಗೆ ಕಟ್ಟಿ, ಅದರದ್ದನ್ನು ಇದಕ್ಕೆ ಕಟ್ಟಿಬಿಟ್ಟರೆ? ಅಜ್ಜಿ ಎಳೆಯದನ್ನು ಮುರಿದು ಒಯ್ಯುತ್ತಾರೆ. ನಿಜವಾದ ಮೊಗ್ಗು ಗಿಡದಲ್ಲೇ ಉಳಿದು ಬೆಳಿಗ್ಗೆ ಅರಳುತ್ತದೆ. ಹೂವು ಅರಳಿತೆಂದರೆ ಉತ್ತಪ್ಪ ಅಂಕಲ್‌ಗೆ ನೋಟ್‌ಬುಕ್ಕಿನ ನೆನಪೂ ಬರಲಿಕ್ಕಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಉತ್ತಪ್ಪನವರ ಕಿಟಕಿಯಿಂದ ಗೊರಕೆ ಶುರುವಾಯಿತು. ಅದೂ ಕವಾಯತಿನಂತೆ: ಎರಡು ಉದ್ದ, ಒಂದು ಗಿಡ್ಡ. ಮೈತ್ರೇಯಿ ಮೊಣಕಾಲೂರಿ ಬೇಲಿಯ ಸಂದಿಯಲ್ಲಿ ಎರಡೂ ಕೈ ತೂರಿಸಿದಳು. ಎಳೆಯದರ ಚೀಟಿ ಬೇಗ ಬಿಚ್ಚಿಕೊಂಡಿತು. ಇಪ್ಪತ್ತೊಂದರದು ಮಾತ್ರ ಎರಡು ಸುತ್ತಿನ ಬಿಗಿ ಗಂಟು. ಉಗುರು ಹಾಕಿ, ಉಸಿರು ಬಿಗಿಹಿಡಿದು, ನಾಲಗೆಯ ತುದಿ ಹೊರಗೆ ಹಾಕಿ ಬಿಚ್ಚಿದಳು. ಇಷ್ಟು ದಿನ ಇರುವ ಸದ್ದನ್ನೆಲ್ಲ ಬರೆದಿಟ್ಟವಳಿಗೆ ಒಂದು ಸದ್ದು ನಿಂತುಹೋದದ್ದು ಗೊತ್ತಾಗಲಿಲ್ಲ.

"ಹಾಲ್ಟ್!"

ಕೈ ಬೆಚ್ಚಿತು. ಟಪ್.

ಎಡಗೈಯಲ್ಲಿ ಎರಡು ಚೀಟಿ, ಬಲಗೈಯಲ್ಲಿ ಇಪ್ಪತ್ತೊಂದನೇ ತಾರೀಖಿನ ಮೊಗ್ಗು. ಬೇಲಿಯಾಚೆ ಬನಿಯನ್ನು ಲುಂಗಿಯಲ್ಲಿ ಉತ್ತಪ್ಪ, ಅಟೆನ್ಶನ್ನಿನಲ್ಲಿ. ಆ ಮುಖದಲ್ಲಿ ಸಿಟ್ಟಿಗಿಂತ ದುಃಖ ಹೆಚ್ಚಿತ್ತು.

"ದೇಚೂ! ಬಾ ಇಲ್ಲಿ! ಸಿಕ್ಕಿಬಿದ್ದಳು!"

ದೇಚಮ್ಮ ಸೌಟು ಹಿಡಿದೇ ಓಡಿಬಂದರು. ಈ ಕಡೆಯಿಂದ ಗಂಗೂಬಾಯಿ ಸೆರಗು ಸರಿಪಡಿಸುತ್ತ ಬಂದರು. ಮೈತ್ರೇಯಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ.

"ನೋಟ್‌ಬುಕ್," ಎಂದು ಉತ್ತಪ್ಪ ಬೇಲಿಯ ಮೇಲಿನಿಂದ ಕೈ ಚಾಚಿದರು. "ಈಗಲೇ. ಯಾರು ಮಾಡಿಸ್ತಿರೋದು ಅಂತ ಅದರಲ್ಲೇ ಇರುತ್ತೆ."

ಮೈತ್ರೇಯಿ ಬಕೆಟ್ಟಿನ ಮೇಲಿದ್ದ ನೋಟ್‌ಬುಕ್ಕನ್ನು ಎತ್ತಿ ಎದೆಗವಚಿಕೊಂಡಳು. ನಾಲ್ಕು ವರ್ಷದ ನೆರೆಯಲ್ಲಿ ಅವರೊಡನೆ ಅವಳು ಒಂದು ಪೂರಾ ವಾಕ್ಯ ಆಡಿದವಳಲ್ಲ. ಈಗ ಆಡಿದಳು.

"ಕೊಡೂದಿಲ್ಲ ಅಂಕಲ್. ನಾನ ಓದ್ತೀನಿ."

ಎಲ್ಲರಿಗೂ ಆಶ್ಚರ್ಯವಾಯಿತು, ಅವಳಿಗೆ ಎಲ್ಲರಿಗಿಂತ ಹೆಚ್ಚು. ಪುಟ ತೆರೆದಳು. ಮೊದಮೊದಲು ದನಿ ಸೊಳ್ಳೆಯದಷ್ಟಿತ್ತು.

"'ಅಕ್ಟೋಬರ್ ಹನ್ನೊಂದು. ಬೆಳಿಗ್ಗೆ ಆರು. ಮಡಿವಾಳ ಹಕ್ಕಿ. ಆರೂ ಹತ್ತು. ಬೇಲಿಯ ಆಚೆಯಿಂದ ಬಸವನಹುಳು ಹಾರಿ ಬಂದವು. ಒಟ್ಟು ಹದಿನಾಲ್ಕು.'"

"ಬಸವನಹುಳು ಹಾರ್ತಾವೇನ?" ಎಂದರು ಗಂಗೂಬಾಯಿ.

"ಎಸೆದರ ಹಾರ್ತಾವ, ಅಜ್ಜಿ. 'ಅಕ್ಟೋಬರ್ ಹನ್ನೆರಡು. ಬಸವನಹುಳು ಒಂಬತ್ತು. ಒಂದು ನನ್ನ ತಲೆಯ ಮೇಲೆ ಬಿತ್ತು.'"

"ಹೌದ! ನನ್ನ ಪಾಲಕ್ ಸೊಪ್ಪು ಯಾರು ತಿಂತಾರಂತ ನಾ ಒಂದ ತಿಂಗಳಿಂದ ತಲಿ ಕೆಡಿಸಿಕೊಂಡಿದ್ದೆ! ಉತ್ತಪ್ಪನವರ, ಇದು ಯಾವ ಯುದ್ಧರೀ?"

ಉತ್ತಪ್ಪ ಕೆಮ್ಮಿದರು. "ಕೊಲ್ಲೋಕೆ ಮನಸ್ಸು ಬರಲ್ಲ ಅಮ್ಮ. ಟ್ರಾನ್ಸ್‌ಫರ್ ಮಾಡ್ತೀನಿ ಅಷ್ಟೆ. ನೀನು ಮುಂದೆ ಓದು."

"'ಆರೂ ನಲವತ್ತು. ಅಂಕಲ್ ವಾಕಿಂಗ್ ಮುಗಿಸಿ ಬಂದರು. ಬಾಳೆಗಿಡದ ಹಿಂದೆ ಕಾಗದದ ಪೊಟ್ಟಣ ಬಿಚ್ಚಿದ ಸದ್ದು. ಆಮೇಲೆ ಬೆರಳು ಚೀಪುವ ಸದ್ದು. ಐದೂ ಬೆರಳು.'"

"ಪೊಟ್ಟಣದಲ್ಲಿ ಏನಿತ್ತು ಮಗು?" ದೇಚಮ್ಮನವರ ದನಿ ಬಹಳ ಮೆತ್ತಗಿತ್ತು.

"ಕಾಣಲಿಲ್ಲ ಆಂಟಿ. ವಾಸನಿ ಜಿಲೇಬಿದು."

"ಸ್ಟಾಪ್. ಸಾಕು," ಎಂದರು ಉತ್ತಪ್ಪ.

"ಯಾಕ್ರೀ ಸಾಕು? ಈಗ ತಾನೇ ಚೆನ್ನಾಗಿ ಬರ್ತಿದೆ! ದಿನಾ ಹಾಗಲಕಾಯಿ ರಸ ಕುಡಿಸಿದ್ರೂ ಶುಗರ್ ಇಳೀತಿಲ್ಲ ಅಂತ ನಾನು ಆ ಡಾಕ್ಟರ್‌ಗೆ ಬೈದು ಬಂದೆನಲ್ಲಾ! ಓದು ಮಗು, ಓದು."

ಉತ್ತಪ್ಪನವರ ಕಿವಿ ಕೆಂಪಾದವು. ಆದರೂ ಅವರು ಸೋಲುವ ಆಸಾಮಿಯಲ್ಲ. "ಹದಿನಾರು ಓದು. ಹದಿನಾರರ ಸಂಜೆ. ನನಗೆ ಬೇಕಾಗಿರೋದು ಅದು."

ಮೈತ್ರೇಯಿ ಪುಟ ತಿರುವಿದಳು. ಆ ಸಾಲು ಅಲ್ಲೇ ಇತ್ತು, ಅವಳದೇ ದುಂಡು ಅಕ್ಷರದಲ್ಲಿ. ಬಳೆ ಸದ್ದು, ಎರಡು ಸಲ. ಹಾರಿ ಮುಂದಿನ ಸಾಲಿಗೆ ಹೋಗಬಹುದಿತ್ತು. ಆದರೆ ಉತ್ತಪ್ಪ ಬೇಲಿಯ ಮೇಲೆ ಬಾಗಿ ಪುಟವನ್ನೇ ನೋಡುತ್ತಿದ್ದರು.

"ಯಾಕೆ ನಿಲ್ಲಿಸಿದೆ? ನಿನ್ನ ಹೆಸರೇ ಇದೆಯಾ?"

ಗಂಗೂಬಾಯಿ ಮೊಮ್ಮಗಳ ಮುಖ ನೋಡಿದರು. ಅವಳ ಎಡಗೈಯ ಎರಡು ಚೀಟಿ ನೋಡಿದರು, ಇಪ್ಪತ್ತೊಂದು, ಇಪ್ಪತ್ತಮೂರು. ಪೊರೆ ಬಂದ ಕಣ್ಣಿಗೂ ಅಂಕಿ ಸ್ಪಷ್ಟವಿತ್ತು. ಹುಡುಗಿ ಯಾರಿಂದ ಮೊಗ್ಗು ಉಳಿಸಲು ಹೊರಟಿದ್ದಳು ಎಂಬುದು ಅರ್ಥವಾಗಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆ ಮೊಗ್ಗು ಇತ್ಲಾಗ ಕೊಡು," ಎಂದರು. "ಕೈಯಾಗ ಹಿಡದು ಬಾಡಿಸಬ್ಯಾಡ. ಒದ್ದಿ ಅರಿವ್ಯಾಗ ಸುತ್ತಿ, ಹಿತ್ತಾಳಿ ತಂಬಿಗ್ಯಾಗ ಇಟ್ಟು, ಮ್ಯಾಲೊಂದು ತಾಟು ಮುಚ್ಚಿದ್ರ, ನಾಳೆ ಬೆಳಿಗ್ಗೆ ಆರೂ ಇಪ್ಪತ್ತಕ್ಕ ಬರೋಬರ್ ಅರಳ್ತದ. ಗಿಡದ ಮ್ಯಾಲ ಇದ್ರೇನು, ತಂಬಿಗ್ಯಾಗ ಇದ್ರೇನು. ಈ ಹೂವಿಗೆ ತೊಟ್ಟು ಮುರದದ್ದು ಗೊತ್ತಾಗೂದಿಲ್ಲ."

"ಆರೂ ಇಪ್ಪತ್ತಕ್ಕೆ?" ಉತ್ತಪ್ಪ ಹುಬ್ಬು ಗಂಟಿಕ್ಕಿದರು. "ಅಮ್ಮ, ನಿಮಗೆ ನಿಮಿಷದ ಸಮೇತ ಹೇಗೆ ಗೊತ್ತು?"

ಪೇರಲ ಗಿಡದಲ್ಲಿ ಒಂದು ಟುವ್ವಿಹಕ್ಕಿ ಟುವ್ವಿ ಟುವ್ವಿ ಎಂದು ಕೂಗುತ್ತಲೇ ಇತ್ತು.

"ಹದಿನೇಳರದು ಹಂಗ ಅರಳ್ತು. ಹದಿನೆಂಟರದೂ ಹಂಗ ಅರಳ್ತು. ನಮ್ಮ ದೇವರ ಮನಿಯೊಳಗ," ಎಂದರು ಗಂಗೂಬಾಯಿ. "ತೊಗೊಂಡಕಿ ನಾನು. ಈ ಹುಡುಗಿ ಚೀಟಿ ಬದಲ್ ಮಾಡಿ ನನ್ನ ಕೈಯಿಂದ ನಿಮ್ಮ ಮೊಗ್ಗು ಉಳಸಲಿಕ್ಕೆ ಬಂದಿತ್ತು. ನೀವು ಒದರಿದ್ರಿ, ಮುರೀತು. ಈಗ ಯಾರ ಹೆಸರು ಹಾಕ್ತೀರೋ ಹಾಕ್ರಿ. ಪೂರ್ತಿ ಹೆಸರು ಹಾಕ್ರಿ ಮತ್ತ, ಗಂಗೂಬಾಯಿ ಅಂದ್ರ ಈ ಊರಾಗ ಭಾಳ ಮಂದಿ ಇದ್ದಾರ."

"ಅಮ್ಮ... ನೀವಾ!" ಉತ್ತಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡರು. "ಮೂರೂ ನೀವೇನಾ?"

"ಎರಡ! ಎಷ್ಟು ಸರ್ತಿ ಹೇಳ್ಬೇಕು, ಎರಡ! ಹತ್ತೊಂಬತ್ತರದು ನನಗ ಗೊತ್ತಿಲ್ಲ. ಚೀಟಿ ಸುದ್ಧಾ ಒಯ್ಯೋ ಹೊಲಸ ಕೆಲಸ ನಾ ಮಾಡೂದಿಲ್ಲ."

"ಹಾಗಾದ್ರೆ ಇನ್ನೊಬ್ಬ ಕಳ್ಳ ಇದ್ದಾನೆ! ನಾನು ಹೇಳಲಿಲ್ವಾ, ಉಮಾಪತಿ ಅಂತ!" ಉತ್ತಪ್ಪನವರಿಗೆ ಜೀವ ಮರಳಿತು. "ಹದಿನೆಂಟರ ಸಂಜೆ ಓದು ಮಗು. ಶಾಬಾಶ್. ಓದು."

ಮೈತ್ರೇಯಿ ಎರಡು ಪುಟ ತಿರುವಿದಳು. ಬರೆಯುವಾಗ ಅರ್ಥವಾಗದ ಸಾಲು ಓದುವಾಗ ಅರ್ಥವಾಗತೊಡಗಿತು. "'ಸಂಜೆ ಐದೂಮುಕ್ಕಾಲು. ಅಜ್ಜಿ ಎದುರು ಮನೆಗೆ ಅರಿಶಿನ-ಕುಂಕುಮಕ್ಕೆ ಹೋಗಿದ್ದಾರೆ. ಅಂಕಲ್ ಸ್ಕೂಟರಿನಲ್ಲಿ ಗೊಬ್ಬರ ತರಲು ಹೋದರು. ಬೇಲಿಯ ಆಚೆ ಕತ್ತರಿಯ ಸದ್ದು...'"

"ಸಾಕು ಮಗು," ಎಂದರು ದೇಚಮ್ಮ. "ಕಣ್ಣು ನೋಯುತ್ತೆ."

ಉತ್ತಪ್ಪ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ಬೇಲಿಯ ಆಚೆ ಅಂದ್ರೆ ನಮ್ಮ ಕಡೆ. ನಾನು ಮನೇಲಿರಲಿಲ್ಲ. ಅಂದ್ರೆ..."

"ಅಂದ್ರೆ ಏನು ಅಂದ್ರೆ? ಹೌದು, ನಾನೇ ಕತ್ತರಿಸಿದ್ದು! ಮೂವತ್ತೆರಡು ವರ್ಷ ಆಯ್ತು ಮದುವೆಯಾಗಿ. ತಾಂಬರಂ, ಜೋರ್ಹಾಟ್, ಕಾನ್ಪುರ ಅಂತ ನಿಮ್ಮ ಹಿಂದೆ ಟ್ರಂಕು ಹೊತ್ತು ಸುತ್ತಿದ್ದೀನಿ. ಒಂದು ದಿನ ನನ್ನನ್ನ ಮೇಮ್‌ಸಾಬ್ ಅಂದಿದ್ದೀರಾ? ಬೆಳಿಗ್ಗೆ ಎದ್ದು ಹಲ್ಲುಜ್ಜೋದಕ್ಕೆ ಮುಂಚೆ ಆ ಗಿಡಕ್ಕೆ ಗುಡ್ ಮಾರ್ನಿಂಗ್!"

"ಮೊಗ್ಗು ಏನು ಮಾಡಿದೆ ದೇಚೂ?"

"ಗೊಬ್ಬರದ ಗುಂಡಿಗೆ ಹಾಕಿದೆ."

"ಅಯ್ಯ, ಗುಂಡಿಗ್ಯಾಕ ಹಾಕ್ದಿ ಮಾರಾಯ್ತಿ!" ಗಂಗೂಬಾಯಿ ಹಣೆ ಬಡಿದುಕೊಂಡರು. "ನನಗರೆ ಕೊಡಬಾರದಾಗಿತ್ತಾ?"

ಉತ್ತಪ್ಪ ನೀರಿನ ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತರು. ಶತ್ರುವಿನ ಪಾಳೆಯ ಹುಡುಕಿ ಹೊರಟವರಿಗೆ ಅದು ತಮ್ಮದೇ ಅಡುಗೆಮನೆಯಲ್ಲಿ ಸಿಕ್ಕಿತ್ತು. ದೂರು ಕೊಡಲು ಹೋದರೆ ಇಬ್ಬರು ಹೆಂಗಸರ ಹೆಸರಿನ ಜೊತೆ ಜಿಲೇಬಿಯೂ ಬಸವನಹುಳುಗಳೂ ಸಾಲಾಗಿ ಹೊರಗೆ ಬರುವಂತಿದ್ದವು.

ಸ್ಪರ್ಧೆಯ ನಿಯಮದ ಕಾಗದವನ್ನು ದೇಚಮ್ಮನವರೇ ತಂದು ಓದಿದರು. "'ಹೂವು ಗಿಡದ ಮೇಲಿರಬೇಕು.' ಅಷ್ಟೇ ಬರೆದಿದೆ. ಹೇಗಿರಬೇಕು ಅಂತ ಎಲ್ಲಿದೆ?"

"ಅದು ಮೋಸ," ಎಂದರು ಉತ್ತಪ್ಪ.

"ಗಿಡಾ ನಿಮ್ದು, ಹೂವು ಅದರದ," ಎಂದರು ಗಂಗೂಬಾಯಿ. "ನಡುವ ಒಂದು ಕಡ್ಡಿ ನಮ್ದು ಇರ್ತದ. ಅದರಾಗೇನು ಮೋಸ?"

ಉತ್ತಪ್ಪ ಗಡ್ಡ ಕೆರೆದುಕೊಂಡು ಹೇಳಿದರು, "ಸರಿ, ಕಟ್ಟಿ. ಆದ್ರೆ ಯಾರಾದ್ರೂ ಮುಖಕ್ಕೆ ಮುಖ ಕೊಟ್ಟು ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಸರ್ವಿಸಲ್ಲಿ ಹೇಳಿಲ್ಲ, ಈಗಲೂ ಹೇಳಲ್ಲ. ಮುರಿದಿದ್ದು ಯಾಕೆ, ಯಾರು, ಎಲ್ಲ ಹೇಳಬೇಕಾಗುತ್ತೆ."

ಭಾನುವಾರ ಬೆಳಿಗ್ಗೆ ಮೈತ್ರೇಯಿ ಐದಕ್ಕೇ ಎದ್ದು ದೇವರ ಮನೆಯಲ್ಲಿ ತಂಬಿಗೆಯ ಎದುರು ಕೂತಳು. ಇಂಜಿನ್ನು ಕೂಗಿತು, ಮಡಿವಾಳ ಹಕ್ಕಿ ಹಾಡಿತು, ಅವಳು ಏನನ್ನೂ ಬರೆಯಲಿಲ್ಲ. ಆರು ದಾಟಿದ ಮೇಲೆ ತಾಟು ಸರಿಸಿದಳು; ಒದ್ದೆ ಅರಿವೆಯೊಳಗೆ ಸುರುಳಿ ಸಡಿಲವಾಯಿತು, ಒಂದು ದಳ ಹೊರಳಿತು, ಆಮೇಲೆ ಇನ್ನೊಂದು. ಅಜ್ಜಿ ಹೇಳಿದ ನಿಮಿಷಕ್ಕೆ ಹೂವು ಅರಿವೆಯನ್ನು ತಳ್ಳಿಕೊಂಡು ತಂಬಿಗೆಯ ಬಾಯಿ ತುಂಬ ನಿಂತಿತು. ಗಂಗೂಬಾಯಿ ದೇವಿಯ ಕಡೆ ಒಮ್ಮೆ, ಹೂವಿನ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ದೇವಿಗೆ ಎರಡು ಕಣಗಿಲೆ ಏರಿಸಿದರು.

ಏಳು ಗಂಟೆಗೆ ಕಸಬರಿಗೆಯ ಕಡ್ಡಿ ಮತ್ತು ಹಸಿರು ದಾರ ಹಿಡಿದು ಇಬ್ಬರು ಹೆಂಗಸರೂ ಗಿಡಕ್ಕೆ ಹೂವನ್ನು ಕಟ್ಟಿದರು. ಉತ್ತಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೋಡಬಾರದೆಂದು ಬೆನ್ನು ತಿರುಗಿಸಿ ನಿಂತಿದ್ದರು.

ಒಂಬತ್ತಕ್ಕೆ ಜಡ್ಜ್ ಬಂದರು. ಎಲ್ಲೋ ಕೃಷಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮರಾಠಿ ಮೇಷ್ಟ್ರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ರಟ್ಟು, ಬೆನ್ನ ಹಿಂದೆ ಕಾಲೊನಿಯ ಹತ್ತು ಹದಿನೈದು ಜನ. ಮೈತ್ರೇಯಿಯ ಅಪ್ಪ ಅಮ್ಮನೂ ಅದರಲ್ಲಿದ್ದರು, ಏನೊಂದೂ ತಿಳಿಯದೆ ನಗುತ್ತ. ಮೈತ್ರೇಯಿ ಬೇಲಿಯ ಈಚೆ ಬಕೆಟ್ಟಿನ ಹತ್ತಿರ ನಿಂತಿದ್ದಳು.

ಮೇಷ್ಟ್ರು ಮೇಮ್‌ಸಾಬಿನ ಎದುರು ನಿಂತು "ವ್ಹಾ!" ಎಂದರು. ಬಾಗಿದರು. ಇನ್ನೂ ಬಾಗಿದರು. ಆಮೇಲೆ ತಲೆಯೆತ್ತಿ ಉತ್ತಪ್ಪನವರನ್ನು ಮರಾಠಿಯಲ್ಲಿ ಕೇಳಿದರು, "ಇಷ್ಟು ತಾಜಾ! ಯಾವಾಗ ಅರಳಿತು ಇದು?"

ಉತ್ತಪ್ಪ ಬಾಯಿ ತೆರೆದರು. ಬೆಳಿಗ್ಗೆ ತಾವು ಕಣ್ಣಾರೆ ನೋಡಿಲ್ಲ. ನೋಡಿಲ್ಲವೆಂದರೆ ಯಾಕೆ ನೋಡಲಿಲ್ಲ, ಎಲ್ಲಿತ್ತು ಎಂಬ ಪ್ರಶ್ನೆ ಬರುತ್ತದೆ. ಆ ನೇರ ಮನುಷ್ಯ ಎಲ್ಲವನ್ನೂ ಹೇಳಿಯೇಬಿಡುವರು ಎಂಬುದು ಅವರ ಹೆಗಲು ನೆಟ್ಟಗಾದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಗಂಗೂಬಾಯಿ ಕಣ್ಣು ಮುಚ್ಚಿಕೊಂಡರು.

"ಇವತ್ತು ಬೆಳಿಗ್ಗೆ, ಸರ್. ಆರೂ ಇಪ್ಪತ್ತಕ್ಕೆ," ಎಂದು ಮರಾಠಿಯಲ್ಲಿ ಒಂದು ದನಿ ಕೇಳಿತು.

ಇಡೀ ಗುಂಪು ಬೇಲಿಯ ಕಡೆ ತಿರುಗಿತು. ಮೈತ್ರೇಯಿಯ ಅಪ್ಪನಿಗೆ ಅದು ಯಾರ ದನಿಯೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ನೀನು ನೋಡಿದೆಯಾ?"

"ಮೊದಲ ದಳದಿಂದ ಕೊನೆಯ ದಳದವರೆಗೆ, ಸರ್. ಐದಕ್ಕೇ ಎದ್ದು ಎದುರಿಗೇ ಕೂತಿದ್ದೆ. ನಾನು ಸಸ್ಯಶಾಸ್ತ್ರದವಳು. ಒಂದು ವಿನಂತಿ, ಮುಟ್ಟಬೇಡಿ. ಈ ಜಾತಿಯ ತೊಟ್ಟು ಬಹಳ ನಾಜೂಕು."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮೇಷ್ಟ್ರು ಚಾಚಿದ್ದ ಬೆರಳನ್ನು ಹಿಂದೆ ತೆಗೆದುಕೊಂಡು, "ಹೀಗೆ ಕೂತು ನೋಡುವವರು ಈಗ ಎಲ್ಲಿದ್ದಾರೆ!" ಎಂದು ರಟ್ಟಿನ ಮೇಲೆ ಏನೋ ಗೀಚಿ ಮುಂದೆ ನಡೆದರು. ಅವರ ಹಿಂದೆ ಗುಂಪೂ ನಡೆಯಿತು. ಮೊದಲ ಬಹುಮಾನ ಈ ಸಲವೂ ಉಮಾಪತಿಯವರಿಗೇ ಹೋಗಿ, ಉತ್ತಪ್ಪನವರಿಗೆ ಎರಡನೆಯದು ಬಂದದ್ದು ಮಧ್ಯಾಹ್ನದ ಮಾತು.

ಗುಂಪು ಹೊರಬಿದ್ದು ಗೇಟು ಮುಚ್ಚಿದ ಸದ್ದಿಗೆ ಗಿಡ ಅಲುಗಿತೋ, ದಾರ ಸಡಿಲವಾಯಿತೋ, ಹೂವು ಮೆಲ್ಲಗೆ ಒಂದು ಕಡೆ ವಾಲಿತು. ನಾಲ್ವರೂ ನೋಡುತ್ತಿದ್ದಂತೆ ಇನ್ನಷ್ಟು ವಾಲಿ, ಕಡ್ಡಿಯಿಂದ ಜಾರಿ, ಮಣ್ಣಿನ ಮೇಲೆ ಅಂಗಾತ ಬಿತ್ತು.

ಗಂಗೂಬಾಯಿ ಬೇಲಿಯ ಮೇಲಿಂದ ಕೈ ಚಾಚಿದವರು ಹಿಂದೆಳೆದುಕೊಂಡರು. "ನೆಲಕ್ಕ ಬಿದ್ದದ್ದು ದೇವರಿಗೆ ನಡಿಯೂದಿಲ್ಲ," ಎಂದರು ಬೇಸರದಿಂದ.

ದೇಚಮ್ಮ ಬಾಗಿ ಹೂವನ್ನೆತ್ತಿಕೊಂಡರು. ಸೆರಗಿನಿಂದ ಮಣ್ಣು ಒರೆಸಿ, ಹಸಿರು ದಾರ ಕಿತ್ತು ಎಸೆದು, ತುರುಬಿಗೆ ಸಿಕ್ಕಿಸಿಕೊಂಡರು. ಊಟದ ತಾಟಿನಷ್ಟು ಅಗಲದ ಹೂವು, ಅರ್ಧ ತಲೆಯನ್ನೇ ಮುಚ್ಚಿತು.

"ಹೇಗಿದೆ?" ಎಂದು ಗಂಡನನ್ನು ಕೇಳಿದರು.

"ಚೆನ್ನಾಗಿದೆ."

"ಯಾವುದು? ಹೂವಾ, ನಾನಾ?"

ಉತ್ತಪ್ಪ ಅಟೆನ್ಶನ್ನಿಗೆ ಬಂದರು. ಸಹಾಯಕ್ಕೆಂದು ಬೇಲಿಯ ಕಡೆ ನೋಡಿದರು. ಬೇಲಿಯ ಈಚೆ ಮೈತ್ರೇಯಿ ಬಕೆಟ್ಟನ್ನು ಇನ್ನೂ ಒಂದು ಗೇಣು ಹತ್ತಿರ ಎಳೆದುಕೊಂಡು, ಕೂತು, ಪೆನ್ನಿನ ಟೊಪ್ಪಿ ತೆಗೆಯುತ್ತಿದ್ದಳು.

"ಬರಕೋತಾಳ ಮತ್ತ," ಎಂದರು ಗಂಗೂಬಾಯಿ. "ವಿಚಾರ ಮಾಡಿ ಹೇಳ್ರಿ."